ಯಾರಿಗೆ ಏನು ಗೊತ್ತು, ಯಾವಾಗ ಗೊತ್ತು?

ಪತ್ತೇದಾರಿ, ನಾಟಕ, ಫ್ಯಾಂಟಸಿ: ಮೂರನ್ನೂ ಓದೋಕೆ ಒಂದೇ ಕೀಲಿಕೈ

ನಮ್ಮ ಕ್ಯಾಂಪಸ್ಸಿನಲ್ಲಿ ಕಥೆ ಪುಸ್ತಕ ಓದುವವರೇ ಇಲ್ಲ ಅಂತ ಹೇಳೋದು ಸುಲಭ. ಕೇಳಿ ನೋಡಿದ್ರೆ ಹಾಗೇನಿಲ್ಲ. ಒಬ್ಬರು ಹ್ಯಾರಿ ಪಾಟರ್‌ನ ಏಳೂ ಪುಸ್ತಕ ಮುಗಿಸಿರ್ತಾರೆ. ಇನ್ನೊಬ್ಬರ ಬ್ಯಾಗಿನಲ್ಲಿ ಅಗಾಥಾ ಕ್ರಿಸ್ಟಿ ಇರತ್ತೆ. ನಾಟಕದ ತಂಡದವರಿಗೆ ‘ತುಘಲಕ್’ನ ಅರ್ಧ ಮಾತು ಬಾಯಿಗೇ ಬರತ್ತೆ. ಆದರೆ ‘ಯಾಕೆ ಓದ್ತೀರ?’ ಅಂದ್ರೆ ಎಲ್ಲರದ್ದೂ ಒಂದೇ ಉತ್ತರ: ‘ಸುಮ್ನೆ, ಟೈಂಪಾಸ್‌ಗೆ.’ ಫ್ಯಾಂಟಸಿ ಮಕ್ಕಳಿಗೆ, ಪತ್ತೇದಾರಿ ರೈಲು ಪ್ರಯಾಣಕ್ಕೆ, ಹಳೇ ನಾಟಕ ಪರೀಕ್ಷೆಗೆ ಅಂತ ಯಾರೋ ಮೊದಲೇ ಹಂಚಿಟ್ಟ ಹಾಗಿದೆ.

ಈ ಲೇಖನದಲ್ಲಿ ನಾವು ಹೇಳಬೇಕು ಅಂತಿರೋದು ಒಂದೇ ವಿಷಯ. ಹೊರಗಿನಿಂದ ಬೇರೆ ಬೇರೆ ಕಾಣುವ ಈ ಮೂರೂ ಒಂದೇ ಎಂಜಿನ್ ಮೇಲೆ ಓಡ್ತವೆ. ಕಥೆ ಅಂದಮೇಲೆ ಮೂವರು ಇರ್ತಾರೆ: ಬರೆದವರು, ಪಾತ್ರ, ಓದುವ ನಾವು. ಈ ಮೂವರ ನಡುವೆ ಮಾಹಿತಿ ಹೇಗೆ ಹಂಚಿಕೆಯಾಗಿದೆ ಅನ್ನೋದೇ ಆ ಎಂಜಿನ್. ಪತ್ತೇದಾರಿ ಕಥೆಯಲ್ಲಿ ಪತ್ತೇದಾರನಿಗೆ ಗೊತ್ತು, ನಮಗೆ ಗೊತ್ತಿಲ್ಲ. ಹಳೆಯ ದೊಡ್ಡ ನಾಟಕಗಳಲ್ಲಿ ನಮಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಫ್ಯಾಂಟಸಿಯಲ್ಲಿ ಶುರುವಿಗೆ ನಾಯಕನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ; ಇಬ್ಬರೂ ಒಟ್ಟಿಗೆ ಕಲೀತೀವಿ.

ಒಂದು ಎಚ್ಚರಿಕೆ: ನಾಟಕಗಳ ಕೊನೆಯನ್ನ ನಾವು ಇಲ್ಲಿ ಧಾರಾಳವಾಗಿ ಹೇಳ್ತೀವಿ. ಪತ್ತೇದಾರಿ ಕಥೆಗಳಲ್ಲಿ ಕೊಲೆಗಾರ ಯಾರು ಅಂತ ಮಾತ್ರ ಹೇಳಲ್ಲ. ಈ ಪಕ್ಷಪಾತಕ್ಕೆ ಕಾರಣ ಓದ್ತಾ ಹೋದ ಹಾಗೆ ಸಿಗತ್ತೆ.

ಪತ್ತೇದಾರಿ: ಕಣ್ಣೆದುರೇ ಬಚ್ಚಿಡುವ ವಿದ್ಯೆ

ಪತ್ತೇದಾರಿ ಕಥೆಯ ಚರಿತ್ರೆಯನ್ನ ಸಾಮಾನ್ಯವಾಗಿ 1841ರಿಂದ ಎಣಿಸ್ತಾರೆ. ಆ ವರ್ಷ ಎಡ್ಗರ್ ಅಲನ್ ಪೋ ಬರೆದ ಒಂದು ಕಥೆಯಲ್ಲಿ ಡುಪಿನ್ ಎಂಬಾತ ಪ್ಯಾರಿಸ್ಸಿನ ಕೊಲೆಯೊಂದನ್ನ ಬಿಡಿಸ್ತಾನೆ. ಕಥೆ ಹೇಳೋದು ಡುಪಿನ್ ಅಲ್ಲ, ಅವನ ಗೆಳೆಯ. 1887ರಲ್ಲಿ ಷರ್ಲಾಕ್ ಹೋಮ್ಸ್ ಬಂದಾಗಲೂ ಅದೇ ವ್ಯವಸ್ಥೆ: ಹೋಮ್ಸ್ ಬಿಡಿಸ್ತಾನೆ, ವಾಟ್ಸನ್ ಬರೀತಾನೆ.

ಯಾಕೆ ಈ ವ್ಯವಸ್ಥೆ? ಹೋಮ್ಸ್ ತಾನೇ ಕಥೆ ಹೇಳಿದ್ರೆ ಅವನ ತಲೆಯಲ್ಲಿ ಓಡುವುದೆಲ್ಲ ನಮಗೂ ಕಾಣತ್ತೆ, ಮೂರನೇ ಪುಟಕ್ಕೇ ಕಥೆ ಮುಗಿಯತ್ತೆ. ವಾಟ್ಸನ್ ಒಂದು ಫಿಲ್ಟರ್ ಇದ್ದ ಹಾಗೆ. ಅವನು ಕಂಡದ್ದನ್ನೆಲ್ಲ ನಮಗೆ ದಾಟಿಸ್ತಾನೆ, ಆದರೆ ಅದರ ಅರ್ಥವನ್ನ ದಾಟಿಸಲ್ಲ, ಯಾಕಂದ್ರೆ ಅವನಿಗೇ ಅದು ಹೊಳೆದಿರಲ್ಲ. ಒಂದು ಕಥೆಯಲ್ಲಿ ರೇಸ್ ಕುದುರೆಯೊಂದು ರಾತ್ರಿ ಲಾಯದಿಂದ ಕಾಣೆಯಾಗತ್ತೆ. ಲಾಯದಲ್ಲಿ ನಾಯಿ ಇತ್ತು. ಅದು ಬೊಗಳಲಿಲ್ಲ. ಇದು ನಮಗೂ ಗೊತ್ತು, ವಾಟ್ಸನ್‌ಗೂ ಗೊತ್ತು, ಪೊಲೀಸರಿಗೂ ಗೊತ್ತು. ‘ನಾಯಿ ಬೊಗಳಲಿಲ್ಲ ಅಂದ್ರೆ ಬಂದವನು ಅದಕ್ಕೆ ಪರಿಚಯದವನು’ ಅಂತ ಯೋಚಿಸೋದು ಹೋಮ್ಸ್ ಒಬ್ಬನೇ. ಏನೋ ಆಯ್ತು ಅನ್ನೋದನ್ನ ಎಲ್ಲರೂ ಗಮನಿಸ್ತಾರೆ. ಆಗಬೇಕಾದ್ದು ಆಗಲಿಲ್ಲ ಅನ್ನೋದನ್ನ ಗಮನಿಸೋಕೆ ಬೇರೆ ಥರದ ಕಣ್ಣು ಬೇಕು. ಸರ್ಕ್ಯೂಟ್ ಡೀಬಗ್ ಮಾಡುವಾಗ ಉರಿಯದ ಎಲ್‌ಇಡಿಯನ್ನ ನೋಡ್ತೀವಲ್ಲ, ಅದೇ ಕಣ್ಣು.

ಹಾಗಾಗಿ ಈ ಕಥೆಗಳಲ್ಲಿ ಒಂದು ಒಪ್ಪಂದ ಬೇಕಾಗತ್ತೆ: ಸುಳಿವು ನಮ್ಮ ಮುಂದೆ ಇರಲೇಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಲೇಖಕರು ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನ ಬರೆದ್ರು. ದೆವ್ವ ಭೂತಗಳಿಂದ ಪರಿಹಾರ ಬರಬಾರದು. ಗುಟ್ಟಿನ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು. ಪತ್ತೇದಾರನಿಗೆ ಸಿಕ್ಕ ಸುಳಿವನ್ನ ಓದುಗರಿಂದ ಮುಚ್ಚಿಡಬಾರದು. ನಾಕ್ಸ್ ಪಾದ್ರಿಯಾಗಿದ್ದವರು, ಅರ್ಧ ತಮಾಷೆಗೆ ಬರೆದದ್ದು. ಆದರೂ ಒಳಗಿನ ಮಾತು ಗಟ್ಟಿ: ಉತ್ತರವನ್ನ ಬಚ್ಚಿಡಬಹುದು, ಪ್ರಶ್ನೆಯ ಡೇಟಾವನ್ನ ಬಚ್ಚಿಡೋ ಹಾಗಿಲ್ಲ.

ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’ 1926ರಲ್ಲಿ ಬಂದಾಗ ‘ಇದು ಮೋಸ’ ಅಂತ ಕೆಲವರು ಸಿಟ್ಟಾದ್ರು. ಮೋಸವೋ ಅಲ್ಲವೋ ಗೊತ್ತಾಗಬೇಕಾದ್ರೆ ಎರಡನೇ ಸಲ ಓದಬೇಕು. ಎರಡನೇ ಸಲ ಓದಿದಾಗ ಕಾಣೋದು ಇಷ್ಟು: ಮುಖ್ಯವಾದ ಜಾಗದಲ್ಲಿ ಆಕೆ ಸುಳ್ಳು ಬರೆದಿಲ್ಲ. ಎರಡು ವಾಕ್ಯಗಳ ನಡುವೆ ಒಂದು ಚಿಕ್ಕ ಖಾಲಿ ಬಿಟ್ಟಿದ್ದಾರೆ, ನಾವು ಅದನ್ನ ನೋಡದೆ ದಾಟಿ ಹೋಗಿರ್ತೀವಿ.

ಕನ್ನಡದಲ್ಲಿ ಈ ದಾರಿಯನ್ನ ದೊಡ್ಡದಾಗಿ ತೆರೆದವರು ಎನ್. ನರಸಿಂಹಯ್ಯ. ಶಾಲೆಯ ಓದು ತೀರಾ ಕಡಿಮೆ ಇದ್ದ ಅವರು 1950ರ ದಶಕದಿಂದ ನೂರಾರು ಪತ್ತೇದಾರಿ ಕಾದಂಬರಿ ಬರೆದ್ರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ನಮ್ಮ ಅಜ್ಜ ಅಜ್ಜಿಯರ ಕಾಲದವರಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ಇನ್ನು ಬಂಗಾಳಿಯಲ್ಲಿ 1932ರಲ್ಲಿ ಬಂದ ಬ್ಯೋಮಕೇಶ್ ಬಕ್ಷಿ ತನ್ನನ್ನ ಡಿಟೆಕ್ಟಿವ್ ಅಂತ ಕರೆದ್ರೆ ಒಪ್ಪಲ್ಲ, ‘ಸತ್ಯಾನ್ವೇಷಿ’ ಅಂತ ಹೇಳಿಕೊಳ್ತಾನೆ. ಈ ಪದವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗತ್ತೆ.

ನಾಟಕ: ಗೊತ್ತಿದ್ದೂ ಸುಮ್ಮನೆ ಕೂರಬೇಕಾದವರು

ಒಂದು ಊರಿಗೆ ಪಿಡುಗು ಬಂದಿದೆ. ಹಿಂದಿನ ರಾಜನನ್ನ ಕೊಂದವನು ಊರಲ್ಲೇ ಇದ್ದಾನೆ, ಅವನನ್ನ ಹೊರಹಾಕಿದ್ರೆ ಮಾತ್ರ ಪಿಡುಗು ಹೋಗತ್ತೆ ಅಂತ ದೈವವಾಣಿ ಆಗಿದೆ. ಈಗಿನ ರಾಜ ತನಿಖೆ ಶುರು ಮಾಡ್ತಾನೆ. ಸಾಕ್ಷಿಗಳನ್ನ ಒಬ್ಬೊಬ್ಬರಾಗಿ ಕರೆಸ್ತಾನೆ, ಪಾಟಿ ಸವಾಲು ಹಾಕ್ತಾನೆ. ಒಂದು ಸಾಕ್ಷಿಯ ಮಾತು ಇನ್ನೊಂದಕ್ಕೆ ಕೂಡಿಕೊಳ್ತಾ ಹೋಗತ್ತೆ. ಕೊನೆಗೆ ಗೊತ್ತಾಗತ್ತೆ: ಕೊಲೆಗಾರ ಅವನೇ. ಸತ್ತವನು ಅವನ ತಂದೆ. ತಾನು ಮದುವೆಯಾಗಿರೋದು ತನ್ನ ತಾಯಿಯನ್ನೇ.

ಇದು ಸೊಫೊಕ್ಲಿಸ್‌ನ ‘ಈಡಿಪಸ್’. ಕ್ರಿಸ್ತಪೂರ್ವ ಐದನೇ ಶತಮಾನದ ಗ್ರೀಕ್ ನಾಟಕ. ಕನ್ನಡದಲ್ಲಿ ಪಿ. ಲಂಕೇಶ್ ‘ದೊರೆ ಈಡಿಪಸ್’ ಅಂತ ಅನುವಾದಿಸಿದ್ದಾರೆ. ಕಥೆಯ ಅಸ್ಥಿಪಂಜರ ನೋಡಿದ್ರೆ ಪಕ್ಕಾ ಪತ್ತೇದಾರಿ: ಶವ, ತನಿಖೆ, ಸಾಕ್ಷಿ, ಬಯಲು. ಆದರೆ ಅಥೆನ್ಸಿನ ಬಯಲು ರಂಗಮಂದಿರಕ್ಕೆ ಬಂದು ಕೂತವರಿಗೆ ಈ ಕಥೆ ಮೊದಲೇ ಗೊತ್ತಿತ್ತು, ನಮಗೆ ರಾಮಾಯಣ ಗೊತ್ತಿರೋ ಹಾಗೆ. ಸ್ಪಾಯ್ಲರ್ ಇಟ್ಟುಕೊಂಡೇ ಬಂದು ಕೂತವರು ಅವರು.

ಹಾಗಿದ್ರೆ ನೋಡೋಕೆ ಏನು ಉಳೀತು? ಎಲ್ಲವೂ ಉಳೀತು. ಈಡಿಪಸ್ ಮೊದಲಲ್ಲೇ ಕೊಲೆಗಾರನಿಗೆ ಶಾಪ ಹಾಕ್ತಾನೆ. ಆ ಶಾಪ ಯಾರ ಮೇಲೆ ಬೀಳ್ತಿದೆ ಅಂತ ನಮಗೆ ಗೊತ್ತು. ಪ್ರತಿ ಮಾತಿಗೂ ಎರಡು ಅರ್ಥ ಬರತ್ತೆ: ಒಂದು ಅವನದ್ದು, ಒಂದು ನಮ್ಮದು. ಇನ್ನೂ ಒಂದು ವಿಷಯ. ಈ ರಾಜ ಸ್ಫಿಂಕ್ಸ್ ಎಂಬ ರಾಕ್ಷಸಿಯ ಒಗಟನ್ನ ಬಿಡಿಸಿ ಊರು ಉಳಿಸಿದವನು. ಆ ಒಗಟಿನ ಉತ್ತರ ‘ಮನುಷ್ಯ’. ಆ ಉತ್ತರ ಹೊಳೆದವನಿಗೆ ತಾನು ಯಾವ ಮನುಷ್ಯ ಅಂತ ಹೊಳೆದಿರಲಿಲ್ಲ.

ನಾಟಕದ ಅತ್ಯಂತ ಭಯಂಕರ ಕ್ಷಣ ಯಾವುದು ಅಂತ ಕೇಳಿದ್ರೆ ಬಹಳ ಜನ ಕೊನೆಯಲ್ಲಿ ಅವನು ಕಣ್ಣು ಕಿತ್ತುಕೊಳ್ಳೋದು ಅಂತಾರೆ. ನಮ್ಮ ಪ್ರಕಾರ ಅದು ಅದಕ್ಕಿಂತ ಮೊದಲೇ ಬರತ್ತೆ. ಕೊರಿಂಥ್‌ನಿಂದ ಬಂದ ದೂತ, ‘ನೀನು ಅಲ್ಲಿಯ ರಾಜನ ಸ್ವಂತ ಮಗ ಅಲ್ಲ, ಕಾಲಿಗೆ ಗಾಯವಾಗಿದ್ದ ಕೂಸನ್ನ ನಾನೇ ಒಬ್ಬ ಕುರುಬನಿಂದ ತಗೊಂಡು ಕೊಟ್ಟೆ’ ಅನ್ನೋ ಅರ್ಥದ ಮಾತು ಹೇಳ್ತಾನೆ. ಪಕ್ಕದಲ್ಲಿ ರಾಣಿ ಯೊಕಾಸ್ಟಾ ನಿಂತಿದ್ದಾಳೆ. ಅವಳಿಗೆ ಅಲ್ಲೇ ಎಲ್ಲ ಅರ್ಥವಾಗತ್ತೆ. ‘ಇಲ್ಲಿಗೇ ಬಿಡು, ಇನ್ನು ಹುಡುಕಬೇಡ’ ಅಂತ ಬೇಡ್ತಾಳೆ. ಈಡಿಪಸ್ ಏನಂದುಕೊಳ್ತಾನೆ ಗೊತ್ತಾ? ತನ್ನ ಹುಟ್ಟು ಕೀಳು ಅಂತ ಗೊತ್ತಾದ್ರೆ ರಾಣಿಗೆ ಅವಮಾನ ಅಂತ ಹೀಗಾಡ್ತಿದ್ದಾಳೆ ಅಂದುಕೊಳ್ತಾನೆ! ಒಂದೇ ರಂಗದ ಮೇಲೆ ಇಬ್ಬರು, ಒಂದೇ ಮಾಹಿತಿ. ಒಬ್ಬಳಿಗೆ ಗೊತ್ತಾಗಿದೆ, ಇನ್ನೊಬ್ಬನಿಗೆ ಆಗಿಲ್ಲ. ಕೆಳಗೆ ಕೂತ ನಮಗೆ ಇಬ್ಬರ ಸ್ಥಿತಿಯೂ ಗೊತ್ತು, ಕೂಗಿ ಹೇಳೋಕಾಗಲ್ಲ. ನಾಟಕ ನಮಗೆ ಕಲಿಸೋದು ಈ ಸಂಕಟವನ್ನ.

ಗಿರೀಶ ಕಾರ್ನಾಡರ ‘ತುಘಲಕ್’ (1964) ಕೂಡ ಇದೇ ಎಂಜಿನ್‌ನ ಇನ್ನೊಂದು ಮಾಡೆಲ್. ನ್ಯಾಯ ಎಲ್ಲರಿಗೂ ಒಂದೇ ಅಂತ ತೋರಿಸೋಕೆ ಸುಲ್ತಾನ ತನ್ನ ವಿರುದ್ಧವೇ ದಾವೆ ಹೂಡಿದ ಬ್ರಾಹ್ಮಣನಿಗೆ ಗೆಲುವು ಕೊಡಿಸ್ತಾನೆ. ಆ ಬ್ರಾಹ್ಮಣ ನಿಜವಾಗಿ ಅಜೀಜ್ ಎಂಬ ಅಗಸ ಅಂತ ಮೊದಲ ದೃಶ್ಯದಲ್ಲೇ ನಮಗೆ ತಿಳಿದುಬಿಡತ್ತೆ. ಸುಲ್ತಾನನಿಗೆ ತಿಳಿಯೋದು ಕೊನೆಯ ದೃಶ್ಯದಲ್ಲಿ. ನಡುವೆ ರಾಜಧಾನಿ ಬದಲಾಗತ್ತೆ, ತಾಮ್ರದ ನಾಣ್ಯ ಬರತ್ತೆ, ಎಷ್ಟೋ ಹೆಣ ಬೀಳತ್ತೆ. ಸುಲ್ತಾನ ಚದುರಂಗದ ಕಠಿಣ ಸಮಸ್ಯೆ ಬಿಡಿಸಬಲ್ಲ ಬುದ್ಧಿವಂತ. ಅವನ ಒಂದೊಂದು ಆಜ್ಞೆಯಲ್ಲೂ ಎಲ್ಲಿ ತೂತಿದೆ ಅಂತ ಅಜೀಜ್‌ಗೆ ಗೊತ್ತು. ಕೊನೆಗೆ ಎದುರಾದಾಗ ಸುಲ್ತಾನ ಅವನನ್ನ ಕೊಲ್ಲಲ್ಲ, ಹುದ್ದೆ ಕೊಡ್ತಾನೆ. ತನ್ನನ್ನ ಪೂರ್ತಿ ಅರ್ಥ ಮಾಡಿಕೊಂಡವನು ಈ ಮೋಸಗಾರ ಒಬ್ಬನೇ ಅಂತ ಆ ಹೊತ್ತಿಗೆ ಅವನಿಗೆ ಗೊತ್ತಾಗಿರತ್ತೆ.

ಪತ್ತೇದಾರಿ ಮತ್ತು ನಾಟಕದ ನಡುವಿನ ಗೋಡೆ ಎಷ್ಟು ತೆಳು ಅಂತ ನೋಡಬೇಕಾದ್ರೆ ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ಕ್ಕೆ ಹೋಗಬೇಕು. ಚಾಣಕ್ಯನ ಗೂಢಚಾರನೊಬ್ಬ ಯಮನ ಚಿತ್ರಪಟ ತೋರಿಸ್ತಾ ಮನೆಮನೆ ತಿರುಗ್ತಾನೆ. ಒಂದು ಮನೆಯಲ್ಲಿ ಪುಟ್ಟ ಮಗು ಹೊರಗೆ ಓಡಿ ಬರತ್ತೆ, ಹೆಂಗಸೊಬ್ಬಳು ಕೈ ಚಾಚಿ ಒಳಗೆ ಎಳೆದುಕೊಳ್ತಾಳೆ. ಆ ಗಡಿಬಿಡಿಯಲ್ಲಿ ಬೆರಳಿನ ಉಂಗುರ ಜಾರಿ ಉರುಳತ್ತೆ. ಯಾಕೆ ಜಾರಿತು? ಅದು ಗಂಡಸಿನ ಬೆರಳಿನ ಅಳತೆಯದ್ದು. ಅದು ಶತ್ರುಪಕ್ಷದ ಅಮಾತ್ಯ ರಾಕ್ಷಸನ ಮುದ್ರೆಯುಂಗುರ. ಅವನ ಹೆಂಡತಿ ಮಕ್ಕಳನ್ನ ಬಚ್ಚಿಟ್ಟಿರುವ ಮನೆ ಇದೇ ಅಂತ ಬಯಲಾಯ್ತು. ಇದಕ್ಕಿಂತ ಚೆಂದದ ಸುಳಿವು ಹೋಮ್ಸ್‌ಗೂ ಸಿಕ್ಕಿಲ್ಲ! ಆ ಮುದ್ರೆ ಒತ್ತಿದ ಒಂದು ಸುಳ್ಳು ಪತ್ರದಿಂದ ಚಾಣಕ್ಯ ಇಡೀ ಯುದ್ಧ ಗೆಲ್ತಾನೆ. ಇದೇ ಕಥೆಯನ್ನ ಕೆಂಪುನಾರಾಯಣ ಕನ್ನಡ ಗದ್ಯದಲ್ಲಿ ‘ಮುದ್ರಾಮಂಜೂಷ’ ಅಂತ ಬರೆದದ್ದು 1823ರಲ್ಲಿ. ಪೋ ಬರೆಯೋಕೆ 18 ವರ್ಷ ಮೊದಲು.

ಫ್ಯಾಂಟಸಿ: ರೂಲ್ ಹೇಳಿದ ಮೇಲೆ ಮುರಿಯೋ ಹಾಗಿಲ್ಲ

ಫ್ಯಾಂಟಸಿಯಲ್ಲಿ ಏನು ಬೇಕಾದ್ರೂ ಆಗಬಹುದು ಅಂತ ಓದದವರು ಹೇಳ್ತಾರೆ. ಓದಿದವರಿಗೆ ಗೊತ್ತು, ಹಾಗೇನೂ ಇಲ್ಲ. ಏನು ಬೇಕಾದ್ರೂ ಆಗೋದಾದ್ರೆ ಹೆದರಿಕೆ ಎಲ್ಲಿಂದ ಬರಬೇಕು? ಟೋಲ್ಕಿನ್ 1939ರಲ್ಲಿ ಕಿನ್ನರಕಥೆಗಳ ಬಗ್ಗೆ ಕೊಟ್ಟ ಉಪನ್ಯಾಸದಲ್ಲಿ ಇದನ್ನೇ ಹೇಳಿದ್ರು: ಬರಹಗಾರ ಕಟ್ಟಿದ ಲೋಕಕ್ಕೆ ತನ್ನದೇ ಒಳ ಹೊಂದಾಣಿಕೆ ಇರಬೇಕು, ಇಲ್ಲದಿದ್ರೆ ಮೋಡಿ ಒಡೆಯತ್ತೆ. ಇತ್ತೀಚಿನ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ ಅದನ್ನೇ ಎಂಜಿನಿಯರ್ ಥರ ಹೇಳ್ತಾರೆ: ಮಂತ್ರದಿಂದ ಸಮಸ್ಯೆ ಬಿಡಿಸಬೇಕಾದ್ರೆ, ಆ ಮಂತ್ರ ಹೇಗೆ ಕೆಲಸ ಮಾಡತ್ತೆ ಅಂತ ಓದುಗರಿಗೆ ಅಷ್ಟರಮಟ್ಟಿಗೆ ಮೊದಲೇ ಗೊತ್ತಿರಬೇಕು.

ನಮಗೆ ಇದಕ್ಕೆ ಹೊರಗಿನ ಉದಾಹರಣೆಯೇ ಬೇಕಿಲ್ಲ. ಹಿರಣ್ಯಕಶಿಪುವಿನ ವರ ನೆನಪು ಮಾಡಿಕೊಳ್ಳಿ. ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲ, ಹಗಲೂ ಇಲ್ಲ ರಾತ್ರಿಯೂ ಇಲ್ಲ, ಒಳಗೂ ಇಲ್ಲ ಹೊರಗೂ ಇಲ್ಲ, ನೆಲದ ಮೇಲೂ ಇಲ್ಲ ಆಕಾಶದಲ್ಲೂ ಇಲ್ಲ, ಆಯುಧದಿಂದಲೂ ಇಲ್ಲ. ಎಷ್ಟು ಬಿಗಿಯಾದ ಸ್ಪೆಸಿಫಿಕೇಶನ್! ನರಸಿಂಹ ಒಂದೇ ಒಂದು ಷರತ್ತನ್ನೂ ಮುರಿಯಲ್ಲ. ಸಂಜೆ, ಹೊಸ್ತಿಲು, ತೊಡೆ, ಉಗುರು: ಎಲ್ಲವೂ ಎಡ್ಜ್ ಕೇಸ್. ದೇವರು ವರವನ್ನ ಸುಮ್ಮನೆ ರದ್ದು ಮಾಡಿದ್ದಿದ್ರೆ ಈ ಕಥೆಯನ್ನ ಯಾರೂ ಎರಡನೇ ಸಲ ಕೇಳ್ತಿರಲಿಲ್ಲ.

ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ಗೂ ಇಂಥದ್ದೇ ವರ ಸಿಕ್ಕತ್ತೆ. ಹೆಣ್ಣು ಹೆತ್ತ ಯಾರಿಂದಲೂ ಅವನಿಗೆ ಅಪಾಯ ಇಲ್ಲ, ಕಾಡು ಬೆಟ್ಟ ಹತ್ತಿ ಬರೋವರೆಗೆ ಸೋಲಿಲ್ಲ. ಎರಡೂ ಷರತ್ತು ಮಾತಿಗೆ ಮಾತು ಸರಿಯಾಗಿ ನಡೆಯತ್ತೆ, ಅವನು ಅಂದುಕೊಂಡ ಅರ್ಥದಲ್ಲಿ ಮಾತ್ರ ಅಲ್ಲ. ಹಿರಣ್ಯಕಶಿಪು, ಮ್ಯಾಕ್‌ಬೆತ್ ಇಬ್ಬರದ್ದೂ ಒಂದೇ ಕಥೆ: ಷರತ್ತು ಗೊತ್ತು ಅನ್ನೋದನ್ನ ಭವಿಷ್ಯವೇ ಗೊತ್ತು ಅಂತ ತಿಳಿದುಕೊಂಡರು.

ಹ್ಯಾರಿ ಪಾಟರ್ ಅಭಿಮಾನಿಗಳಿಗೂ ಒಂದು ಮಾತು. ಮೂರನೇ ಪುಸ್ತಕವನ್ನ ಪತ್ತೇದಾರಿ ಕಾದಂಬರಿ ಅಂದುಕೊಂಡು ಮತ್ತೆ ಓದಿ. ರಾನ್‌ನ ಇಲಿಗೆ ಒಂದು ಬೆರಳಿಲ್ಲ ಅನ್ನೋದು ನಮ್ಮ ಕಣ್ಣೆದುರೇ ಇರತ್ತೆ. ಸಿರಿಯಸ್ ಬ್ಲ್ಯಾಕ್ ಹೆಸರಂತೂ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬಂದು ಹೋಗಿದೆ. ನಾಕ್ಸ್‌ನ ಒಪ್ಪಂದ ಮಂತ್ರದಂಡದ ಲೋಕದಲ್ಲೂ ನಡೀತಾ ಇದೆ.

ಇನ್ನು ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ಅಲ್ಲಿ ವಸ್ತುವಿನ ನಿಜ ಹೆಸರು ಗೊತ್ತಿದ್ದವನಿಗೇ ಅದರ ಮೇಲೆ ಅಧಿಕಾರ. ನಾಯಕ ಗೆಡ್, ಹೆಚ್ಚುಕಮ್ಮಿ ನಮ್ಮ ವಯಸ್ಸಿನವನು, ಕಾಲೇಜಿನಂಥದ್ದೇ ಒಂದು ವಿದ್ಯಾಲಯದಲ್ಲಿ ಜಂಭಕ್ಕೆ ಬಿದ್ದು ಒಂದು ನೆರಳನ್ನ ಲೋಕಕ್ಕೆ ಬಿಟ್ಟುಬಿಡ್ತಾನೆ. ಮೊದಲು ಅದು ಅವನನ್ನ ಅಟ್ಟತ್ತೆ, ಆಮೇಲೆ ಅವನೇ ತಿರುಗಿ ಅದನ್ನ ಅಟ್ಟಿಕೊಂಡು ಸಮುದ್ರದ ಕೊನೆವರೆಗೆ ಹೋಗ್ತಾನೆ. ಅದನ್ನ ಗೆಲ್ಲೋಕೆ ಅದರ ಹೆಸರು ಬೇಕು. ಆ ಹೆಸರೇನು ಅಂತ ನಾವಿಲ್ಲಿ ಬರೆಯಲ್ಲ. ಈಡಿಪಸ್ ಕಥೆ ಈಗಷ್ಟೇ ಓದಿದ ನಿಮಗೆ ಅನುಮಾನ ಬಂದಿದ್ರೆ, ಆ ಅನುಮಾನವನ್ನ ಹಿಡಿದುಕೊಂಡೇ ಲೈಬ್ರರಿಗೆ ಹೋಗಿ.

ಸಾರಾಂಶ ಓದಿದ್ರೆ ಸಾಲದಾ?

ಈ ಕಾಲದಲ್ಲಿ ಯಾವ ಕಾದಂಬರಿಯ ಕಥೆಯೂ ಐದು ನಿಮಿಷದಲ್ಲಿ ಸಿಗತ್ತೆ. ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್ ನಡುವೆ ಪೂರ್ತಿ ಪುಸ್ತಕಕ್ಕೆ ಸಮಯ ಎಲ್ಲಿ ಅನ್ನೋದು ನ್ಯಾಯವಾದ ಪ್ರಶ್ನೆ. ಆದರೆ ಸಾರಾಂಶ ಕೊಡೋದು ಕೊನೆಯ ಉತ್ತರವನ್ನ ಮಾತ್ರ. ನಮ್ಮ ಪರೀಕ್ಷೆಯಲ್ಲೇ ಫೈನಲ್ ಆನ್ಸರ್‌ಗಿಂತ ಸ್ಟೆಪ್ಸ್‌ಗೆ ಮಾರ್ಕು ಜಾಸ್ತಿ. ಕಥೆಯಲ್ಲಿ ಸ್ಟೆಪ್ಸ್ ಅಂದ್ರೆ ಗೊತ್ತಿಲ್ಲದೆ ಕಳೆದ ಹೊತ್ತು. ಆ ಹೊತ್ತಿನಲ್ಲಿ ನಾವು ಊಹಿಸ್ತೀವಿ, ಯಾರನ್ನೋ ಸುಮ್ಮನೆ ಅನುಮಾನಿಸ್ತೀವಿ, ಒಳ್ಳೆಯವನು ಅಂದುಕೊಂಡವನ ಪರ ವಾದ ಮಾಡ್ತೀವಿ. ನಮ್ಮ ತಲೆ ಹೇಗೆ ಓಡತ್ತೆ ಅಂತ ನಮಗೇ ಕಾಣೋದು ಆಗಲೇ.

ಮೊದಲು ಹೇಳಿದ ಪಕ್ಷಪಾತಕ್ಕೂ ಕಾರಣ ಇದೇ. ಪತ್ತೇದಾರಿ ಕಥೆಯ ಮೊದಲ ಓದು ಒಂದೇ ಸಲ ಸಿಗೋದು, ಅದನ್ನ ಕದಿಯೋ ಹಕ್ಕು ನಮಗಿಲ್ಲ. ನಾಟಕಕ್ಕೆ ಆ ಭಯ ಇಲ್ಲ. ಇನ್ನೂ ಸ್ವಾರಸ್ಯ ಏನಂದ್ರೆ, ಒಳ್ಳೆಯ ಪತ್ತೇದಾರಿ ಕಾದಂಬರಿ ಎರಡನೇ ಓದಿಗೆ ತಾನೇ ನಾಟಕವಾಗತ್ತೆ. ಈಗ ಕೊಲೆಗಾರ ಯಾರು ಅಂತ ನಮಗೆ ಗೊತ್ತು. ಅವನು ಟೀ ಕುಡೀತಾ ಮಾತಾಡೋದನ್ನ ನೋಡ್ತಾ ಈಡಿಪಸ್ ಪ್ರೇಕ್ಷಕರ ಹಾಗೆ ಕೂತಿರ್ತೀವಿ.

ಮೂರನ್ನೂ ಒಂದೇ ಕಡೆ ನೋಡಬೇಕಾದ್ರೆ ಕಾರ್ನಾಡರ ‘ಹಯವದನ’ (1971) ಓದಿ. ಇದರ ಮೂಲದಲ್ಲಿ ಒಂದು ಬೇತಾಳ ಕಥೆ ಇದೆ. ಬೇತಾಳನ ಕಥೆ ಅಂದ್ರೇನೇ ಫ್ಯಾಂಟಸಿಯೊಳಗೆ ಕೂತ ಒಗಟು: ಉತ್ತರ ಗೊತ್ತಿದ್ದೂ ಹೇಳದಿದ್ರೆ ರಾಜನ ತಲೆ ಸಿಡಿಯತ್ತೆ, ಹೇಳಿದ್ರೆ ಬೇತಾಳ ಮತ್ತೆ ಮರಕ್ಕೆ. ಇಬ್ಬರು ಗಂಡಸರ ತಲೆಗಳು ಅದಲುಬದಲಾಗಿವೆ, ಹೆಂಡತಿ ಯಾರಿಗೆ ಸೇರಿದವಳು? ತಲೆ ಇರುವವನಿಗೆ, ಯಾಕಂದ್ರೆ ಅಂಗಗಳಲ್ಲಿ ತಲೆಯೇ ಶ್ರೇಷ್ಠ. ಹಳೆಯ ಕಥೆ ಅಲ್ಲಿಗೆ ಮುಗೀತು. ಕಾರ್ನಾಡರ ನಾಟಕದಲ್ಲೂ ಒಬ್ಬ ಋಷಿ ಇದೇ ತೀರ್ಪು ಕೊಡ್ತಾನೆ, ಆದರೆ ನಾಟಕ ಅಲ್ಲಿ ನಿಲ್ಲಲ್ಲ. ಪದ್ಮಿನಿಗೆ ದೇವದತ್ತನ ತಲೆ, ಕಪಿಲನ ದೇಹ ಇರುವ ಗಂಡ ಸಿಗ್ತಾನೆ. ದಿನ ಕಳೆದ ಹಾಗೆ ದೇಹ ತಲೆಯ ಮಾತು ಕೇಳಿ ಮೊದಲಿನಂತಾಗತ್ತೆ. ಅವಳ ಆಸೆ ಹಾಗೇ ಉಳಿಯತ್ತೆ. ಉತ್ತರ ಸಿಕ್ಕಿತು, ಸಮಸ್ಯೆ ಬಗೆಹರಿಯಲಿಲ್ಲ. ಸಾರಾಂಶದಲ್ಲಿ ಉತ್ತರ ಬರತ್ತೆ, ಈ ಉಳಿಕೆ ಬರಲ್ಲ.

ಇದರಿಂದ ನಮಗೇನು ಅಂತ ಕೇಳಬಹುದು. ಕ್ಯಾಂಪಸ್ಸಿನಲ್ಲಿ ನಾವು ದಿನವೂ ಅರ್ಧ ಮಾಹಿತಿಯಲ್ಲೇ ಬದುಕ್ತೀವಿ. ಮೆಸ್ಸಿಗೆ ದಿನಾ ಬರುತ್ತಿದ್ದ ಗೆಳೆಯ ನಾಲ್ಕು ದಿನದಿಂದ ಬಂದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿರತ್ತೆ, ಯಾರೂ ಗಮನಿಸಿರಲ್ಲ. ಅದು ಬೊಗಳದ ನಾಯಿ. ಯಾರ ಬಗ್ಗೆಯೋ ಒಂದು ಗಾಳಿಸುದ್ದಿ ಕೇಳಿ ತೀರ್ಪು ಕೊಟ್ಟುಬಿಡ್ತೀವಿ. ಅದು ಸುಳಿವಿಲ್ಲದೆ ಕೊಲೆಗಾರನನ್ನ ಹಿಡಿದ ಹಾಗೆ. ಇನ್ನು ಸತ್ಯಾನ್ವೇಷಿ ಅನ್ನೋ ಪದಕ್ಕೆ ಬರೋಣ. ಬ್ಯೋಮಕೇಶ್ ಹುಡುಕೋದು ಬೇರೆಯವರ ಸತ್ಯ. ಈಡಿಪಸ್‌ಗೆ ಸಿಕ್ಕಿದ್ದು ತನ್ನದೇ. ಅವನ ದೊಡ್ಡತನ ಇರೋದು ಇಲ್ಲಿ: ಅಪರಾಧಿಗೆ ಯಾವ ಶಿಕ್ಷೆ ಅಂತ ಮೊದಲೇ ಸಾರಿದ್ದ, ಅಪರಾಧಿ ತಾನೇ ಅಂತ ಗೊತ್ತಾದ ಮೇಲೂ ಆ ರೂಲ್ ಬದಲಾಯಿಸಲಿಲ್ಲ.

ಮಾಡಿ ನೋಡಿ

ಓದಿದ ಯಾವುದಾದ್ರೂ ಒಂದು ದೃಶ್ಯ ತಗೊಳ್ಳಿ. ಮೂರು ಸಾಲು ಬರೆಯಿರಿ. ಮೊದಲನೆಯದು: ಈ ಕ್ಷಣದಲ್ಲಿ ಪ್ರತಿಯೊಂದು ಪಾತ್ರಕ್ಕೂ ಏನು ಗೊತ್ತು? ಎರಡನೆಯದು: ನನಗೆ ಏನು ಗೊತ್ತು? ಮೂರನೆಯದು: ಈ ವ್ಯತ್ಯಾಸ ಯಾವ ಮಾತಿನಲ್ಲಿ ಕಡಿಮೆಯಾಗತ್ತೆ, ಯಾವುದರಲ್ಲಿ ಜಾಸ್ತಿಯಾಗತ್ತೆ?

ಯೊಕಾಸ್ಟಾಳ ದೃಶ್ಯಕ್ಕೆ ಹೀಗೆ ಬರುತ್ತೆ. ದೂತನಿಗೆ ಕೂಸಿನ ವಿಷಯ ಮಾತ್ರ ಗೊತ್ತು. ರಾಣಿಗೆ ಈಗಷ್ಟೇ ಪೂರ್ತಿ ಗೊತ್ತಾಗಿದೆ. ರಾಜನಿಗೆ ತನಗೆ ಗೊತ್ತಿಲ್ಲ ಅನ್ನೋದೇ ಗೊತ್ತಿಲ್ಲ. ನಮಗೆ ಎಲ್ಲ ಗೊತ್ತು. ರಾಣಿ ‘ಬೇಡ’ ಅಂದಷ್ಟೂ ರಾಜನಿಗೆ ಹಠ ಜಾಸ್ತಿಯಾಗತ್ತೆ, ನಮಗೆ ಎದೆಬಡಿತ ಜಾಸ್ತಿಯಾಗತ್ತೆ.

ಎಲ್ಲಿಂದ ಶುರು ಮಾಡೋದು ಅಂತ ಗೊಂದಲ ಇದ್ರೆ ‘ತುಘಲಕ್’ನ ಮೊದಲ ದೃಶ್ಯ ಸಾಕು, ಹತ್ತು ನಿಮಿಷದ ಓದು. ಕನ್ನಡ ಓದೋಕೆ ಸ್ವಲ್ಪ ನಿಧಾನ ಆಗುವ ನಮ್ಮಂಥ ಇಂಗ್ಲಿಷ್ ಮೀಡಿಯಂನವರು ಇಬ್ಬರು ಸೇರಿ ಗಟ್ಟಿಯಾಗಿ ಓದಿದ್ರೆ ಇನ್ನೂ ಒಳ್ಳೇದು. ನಾಟಕ ಇರೋದೇ ಅದಕ್ಕೆ. ಬರೆದ ಮೂರು ಸಾಲನ್ನ ಕನ್ನಡ ಸಂಘಕ್ಕೆ ಕಳಿಸಿ. ಪತ್ತೇದಾರಿ ಕಾದಂಬರಿ ಆರಿಸಿಕೊಂಡವರು ದಯವಿಟ್ಟು ಕೊಲೆಗಾರನ ಹೆಸರು ಬರೀಬೇಡಿ.